ವಾರಕ್ಕೊಂದು ವಿಷಯವೋ, ಇಡೀ ಪುಸ್ತಕವೋ? ಶಿವಮೊಗ್ಗದಲ್ಲಿ ನಾನು ಕೂತು ಕೇಳಿದ ಬೈಬಲ್ ಪಾಠಗಳು

ಶಿವಮೊಗ್ಗದಲ್ಲಿ ಬೈಬಲ್ ಕಲಿಯಲು ದಾರಿಗಳಿಗೇನೂ ಬರವಿಲ್ಲ. ಭಾನುವಾರದ ಆರಾಧನೆ, ವಾರದ ಮಧ್ಯೆ ಬೈಬಲ್ ಸ್ಟಡಿ, ಮನೆಕೂಟ, ಸಾಲದ್ದಕ್ಕೆ ಯೂಟ್ಯೂಬ್. ಎಲ್ಲವನ್ನೂ ಒಂದಷ್ಟು ಕಾಲ ನೋಡಿದ್ದೇನೆ. ನಂಬಿಕೆಯಲ್ಲಿ ಬೆಳೆಯಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: ಬೈಬಲಿನ ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಕಲಿಸುವ ಸಭೆ ಹುಡುಕಿ.

ನಾನು ಮೊದಲು ಹೋಗುತ್ತಿದ್ದ ಕಡೆ ವಾರಕ್ಕೊಂದು ವಿಷಯ ಇರುತ್ತಿತ್ತು. ಒಂದು ವಾರ ಭಯ, ಇನ್ನೊಂದು ವಾರ ಮದುವೆ, ಆಮೇಲೆ ಸಾಲ. ಕೀರ್ತನೆಯಿಂದ ಒಂದು ವಚನ, ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಇನ್ನೊಂದು. ಹೊಸಬರಿಗೆ ಇದು ನಿಜಕ್ಕೂ ಒಳ್ಳೆಯದು. ನಮ್ಮ ಮನೆಯಲ್ಲಿ ಸಾವಾದಾಗ ಅಂಥದ್ದೇ ಒಂದು ಪ್ರಸಂಗ, ಅಂದರೆ ಪಾಸ್ಟರ ಉಪದೇಶ, ನನಗೆ ಧೈರ್ಯ ಕೊಟ್ಟಿತ್ತು. ಆದರೆ ಪಾಸ್ಟರಿಗೆ ಇಷ್ಟವಾದ ವಚನಗಳೇ ಸುತ್ತಿ ಸುತ್ತಿ ಬರುತ್ತವೆ. ದೇವರ ವಾಗ್ದಾನದ ವಚನ ಅಚ್ಚು ಹಾಕಿದ ಹೊಸ ವರ್ಷದ ಕಾರ್ಡನ್ನೇ ನೋಡಿ. ಯೆರೆಮೀಯ 29:11 ಎಷ್ಟು ಮನೆಗಳ ಗೋಡೆ ಮೇಲಿಲ್ಲ! ಮುಂದೆ ಒಳ್ಳೆಯದಾಗುತ್ತದೆ, ನಿರೀಕ್ಷೆ ಇದೆ ಎನ್ನುವ ಮಾತು. ಅದಕ್ಕೂ ಮುಂಚಿನ ವಚನದಲ್ಲಿ ಬಾಬಿಲೋನಿನಲ್ಲಿ 70 ವರ್ಷ ಕಳೆಯಬೇಕು ಎಂದಿದೆ. ಅದನ್ನು ಯಾರೂ ಕಾರ್ಡಿನಲ್ಲಿ ಅಚ್ಚು ಹಾಕಿಸುವುದಿಲ್ಲ. ಸೆರೆಹೋದವರಿಗೆ ಬರೆದ ಪತ್ರ ಅದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿ ಎಂದೂ ಅದರಲ್ಲಿದೆ. ಅದನ್ನೆಲ್ಲ ಓದಿದ ಮೇಲೆ ಆ ವಾಗ್ದಾನದ ತೂಕವೇ ಬೇರೆ.

ಈಗ ಹೋಗುವ ಸಭೆಯಲ್ಲಿ ಯಾಕೋಬನ ಪತ್ರಿಕೆ ತೆಗೆದುಕೊಂಡಿದ್ದರು. ಐದೇ ಅಧ್ಯಾಯ, ಆದರೆ ತಿಂಗಳುಗಟ್ಟಲೆ ನಡೆಯಿತು. ಇಲ್ಲಿ ವಚನ ಆರಿಸುವ ಸ್ವಾತಂತ್ರ್ಯ ಪಾಸ್ಟರಿಗಿಲ್ಲ, ತಪ್ಪಿಸಿಕೊಳ್ಳುವ ದಾರಿ ನಮಗೂ ಇಲ್ಲ. ಎರಡನೇ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ಜಾಗ ಕೊಡುವ ಸಭೆಯ ಮಾತು ಬಂದಾಗ ಮುಂದಿನ ಸಾಲಿನ ಮೆತ್ತನೆ ಕುರ್ಚಿಗಳತ್ತ ಎಲ್ಲರ ಕಣ್ಣೂ ಹೋಯಿತು. ಐದನೆಯ ಅಧ್ಯಾಯ ಬಂದದ್ದು ಅಡಿಕೆ ಕೊಯ್ಲಿನ ಹೊತ್ತಿಗೆ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ಕೂಗುತ್ತಿದೆ ಎನ್ನುವ ನಾಲ್ಕನೇ ವಚನ. ತೋಟದವರೂ ಕೂಲಿಯವರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ವಿಷಯ ಆರಿಸುವ ಸಭೆಯಲ್ಲಿ ಇದು ಬರುತ್ತಿತ್ತಾ? ನನಗಂತೂ ಅನುಮಾನ.

ಇದಕ್ಕೂ ಕೊರತೆ ಇದೆ. ನಿಧಾನ. ನಡುವೆ ಬಂದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ತಯಾರಿ ಮಾಡದವರು ಕಲಿಸಿದರೆ ನಿದ್ದೆ ಗ್ಯಾರಂಟಿ.

ಕ್ಯಾಥೊಲಿಕ್ ಗೆಳೆಯನ ಜೊತೆ ಪೂಜೆಗೂ ಹೋಗಿದ್ದೇನೆ. ಅಲ್ಲಿ ಭಾನುವಾರದ ವಾಚನ ಮೊದಲೇ ಗೊತ್ತಾಗಿರುತ್ತದೆ. ಸುವಾರ್ತೆಗಳದ್ದು ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೋಹಾನನ ಭಾಗಗಳು ಮುಖ್ಯವಾಗಿ ಪಾಸ್ಕದ (ಈಸ್ಟರ್) ಆಸುಪಾಸು. ಪಾದ್ರಿಗಳ ಇಷ್ಟದ ಮೇಲೆ ನಿಂತಿಲ್ಲ ಎನ್ನುವುದು ನನಗೆ ಹಿಡಿಸಿತು. ಪ್ರಸಂಗ ಮಾತ್ರ ಚಿಕ್ಕದು, ವಿವರಕ್ಕೆ ಹೊತ್ತಿಲ್ಲ.

ಮನೆಕೂಟದ ಲೆಕ್ಕ ಬೇರೆ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಅಡಿಕೆ ಸುಲಿಯುವ ಕಾಲದಲ್ಲಿ ಅರ್ಧ ಜನ ಬರುವುದಿಲ್ಲ. ಒಬ್ಬರೇ ಮಾತಾಡುವ ಕೂಟವಾದರೆ ಕಥೆ ಮುಗಿಯಿತು. ಆದರೂ ಬಾಯಿಬಿಟ್ಟು ಪ್ರಶ್ನೆ ಕೇಳಬಹುದಾದ ಜಾಗ ಇದೊಂದೇ. ಅಪೊಸ್ತಲ ಪೌಲನೇ ಬಂದು ಹೇಳಿದರೂ ಬೆರೋಯ ಎಂಬ ಊರಿನವರು ಅದು ಹೌದೋ ಅಲ್ಲವೋ ಎಂದು ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು, ಅಪೊಸ್ತಲರ ಕೃತ್ಯಗಳು 17:11. ಆರಾಧನೆಯ ಮಧ್ಯೆ ಕೈಯೆತ್ತಿ ಹಾಗೆ ಕೇಳೋಕಾಗುತ್ತಾ? ಕೂಲಿಯ ವಚನದ ಬಗ್ಗೆ ನಿಜವಾದ ಮಾತುಕತೆ ನಡೆದದ್ದೂ ಮನೆಕೂಟದಲ್ಲೇ, ಮುಂಗಡ ಹಣದ ಲೆಕ್ಕ ಸಮೇತ. ಒಬ್ಬಿಬ್ಬರಿಗೆ ಸಿಟ್ಟೂ ಬಂತು.

ಯೂಟ್ಯೂಬ್ ಬಸ್ಸಿನಲ್ಲಿ ಕೇಳಲು ಪರವಾಗಿಲ್ಲ. ಒಳ್ಳೆಯ ಬೋಧಕರಿದ್ದಾರೆ. ಬೇಜಾರಾದರೆ ಬದಲಾಯಿಸಿಬಿಡುತ್ತೇವೆ, ಅದೇ ಅದರ ರೋಗ.

ಆಗುವುದಾದರೆ ಭಾನುವಾರ ಪುಸ್ತಕವಾರು ಪಾಠ, ವಾರದ ನಡುವೆ ಅದೇ ಭಾಗದ ಮೇಲೆ ಮನೆಕೂಟ, ಎರಡೂ ಇಟ್ಟುಕೊಳ್ಳಿ. ಹೊಸಬರನ್ನು ಕರೆದುಕೊಂಡು ಬರುವುದಿದ್ದರೆ ಚಿಕ್ಕ ಪುಸ್ತಕ ಶುರುವಾಗುವ ವಾರ ನೋಡಿಕೊಳ್ಳಿ. ನಮ್ಮಲ್ಲಿ ಮುಂದಿನದು ಯೋಬ, 42 ಅಧ್ಯಾಯ. ಈಗ ಸುಮ್ನೆ ಯಾರನ್ನೂ ಕರೆಯಬೇಡಿ.