ಮಲೆನಾಡಿನ ಮಳೆಗೆ ಸ್ಟೆಬಿಲೈಸರ್ ಬೈನಾಕ್ಯುಲರ್: ಕೊಳ್ಳುವ ಮುಂಚೆ ಇದನ್ನು ಓದಿ

ಇಮೇಜ್ ಸ್ಟೆಬಿಲೈಸರ್, ಅಂದರೆ ಕೈ ನಡುಗಿದರೂ ಚಿತ್ರ ಅಲುಗದ ಹಾಗೆ ನಿಲ್ಲಿಸುವ ವ್ಯವಸ್ಥೆ, ಇರುವ ಬೈನಾಕ್ಯುಲರ್ ಕೊಳ್ಳಬೇಕು ಅಂತ ಯೋಚಿಸುತ್ತಿದ್ದೀರಾ? ಅದರಲ್ಲೂ ಮನೆಯ ಹಿರಿಯರಿಗೆ ಕೊಡಿಸಬೇಕು ಅಂತಿದ್ದರೆ ದಯವಿಟ್ಟು ಐದು ನಿಮಿಷ ಕೊಡಿ. ನಾನು ₹46,000 ಕಳೆದುಕೊಂಡೆ. ಆದರೆ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ನಾಲ್ಕು ತಿಂಗಳು ನಮ್ಮ ಅಪ್ಪ ತಮ್ಮ ಕಣ್ಣು ಹೋಗುತ್ತಿದೆ ಅಂತ ನಂಬಿಕೊಂಡು ಒಳಗೊಳಗೇ ಕೊರಗಿದರು. ಹಾಳಾಗಿದ್ದು ನಾನು ಕೊಡಿಸಿದ ಬೈನಾಕ್ಯುಲರ್ ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಪ್ಪನಿಗೆ 72. ಮೇಷ್ಟ್ರಾಗಿ ನಿವೃತ್ತರಾದವರು. ತೀರ್ಥಹಳ್ಳಿ ಹತ್ತಿರ ಮನೆ, ಮನೆ ಹಿಂದೆ ಅಡಿಕೆ ತೋಟ, ತೋಟದಾಚೆ ಕಾಡು. ಹಕ್ಕಿ ನೋಡುವ ಹುಚ್ಚು ನಾನು ಹುಟ್ಟುವ ಮೊದಲಿಂದಲೂ ಇದೆ. ಅವರ ಹಳೆಯ 8x40 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 40 ಮಿಲಿಮೀಟರ್ ಅಗಲ ಇರುವ) ದುರ್ಬೀನಿನಲ್ಲೇ ನಾನು ಮೊದಲ ಸಲ ಮಂಗಟ್ಟೆಯನ್ನು ಹತ್ತಿರದಿಂದ ನೋಡಿದ್ದು. ಎರಡು ಮೂರು ವರ್ಷದಿಂದ ಅವರ ಕೈ ನಡುಗುತ್ತದೆ. ಪಾರ್ಕಿನ್ಸನ್ ಅಲ್ಲ, ವಯಸ್ಸಿನ ಜೊತೆ ಕೆಲವರಿಗೆ ಬರುವ ನಡುಕ ಅಂತ ಡಾಕ್ಟರ್ ಹೇಳಿದರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ದುರ್ಬೀನು ಹಿಡಿದರೆ ಕೈಯ ನಡುಕವೂ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಲ್ವಾ? ಹಕ್ಕಿ ಕುಣಿದ ಹಾಗೆ ಕಾಣುತ್ತಿತ್ತು. ನಿಧಾನಕ್ಕೆ ಅದನ್ನು ಮುಟ್ಟುವುದನ್ನೇ ಬಿಟ್ಟರು.

ಆಗ ನನಗೆ ಈ ಸ್ಟೆಬಿಲೈಸರ್ ವಿಷಯ ಗೊತ್ತಾಯಿತು. ಇದರೊಳಗೆ ಅಲುಗಾಟವನ್ನು ಗುರುತಿಸುವ ಪುಟ್ಟ ಸೆನ್ಸರ್‌ಗಳಿರುತ್ತವೆ. ಕೈ ಒಂದು ಕಡೆಗೆ ಅಲುಗಿದರೆ ಒಳಗಿನ ಪ್ರಿಸಮ್ ಅದನ್ನು ಸರಿದೂಗಿಸುವ ಹಾಗೆ ಬೆಳಕನ್ನು ಬಾಗಿಸುತ್ತದೆ. ಹಾಗಾಗಿ ಕಣ್ಣಿಗೆ ಬೀಳುವ ಚಿತ್ರ ಅಲುಗಾಡದೆ ನಿಲ್ಲುತ್ತದೆ. ಕ್ಯಾನನ್ ಕಂಪನಿ 1995ರಲ್ಲೇ ಇಂಥ 12x36 ಬೈನಾಕ್ಯುಲರ್ ತಂದಿತ್ತು. ಈಗ ಬೇರೆ ಬೇರೆ ಕಂಪನಿಗಳವು ಸಿಗುತ್ತವೆ. ನಾನು ಕೊಂಡದ್ದು 10x30. ಯಾವ ಕಂಪನಿ ಅಂತ ಹೇಳುವುದಿಲ್ಲ, ಯಾಕೆಂದರೆ ತಪ್ಪು ಅವರದಲ್ಲ. ನೀರು ತಾಗಬಾರದು ಅಂತ ಕೈಪಿಡಿಯಲ್ಲಿ ಅವರೇ ಬರೆದಿದ್ದರು. ನಾನು ಓದಿದ್ದು ಆಮೇಲೆ.

ಕೊಂಡದ್ದು ಆನ್‌ಲೈನ್‌ನಲ್ಲಿ, ಹೊರದೇಶದಿಂದ ತರಿಸಿ ಮಾರುವ ಒಬ್ಬರಿಂದ. ಇಲ್ಲಿನ ಅಂಗಡಿಗಿಂತ ಅಗ್ಗ ಇತ್ತು. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. “ನಮ್ಮ ಕಡೆ ಮಳೆ ಜಾಸ್ತಿ, ಏನೂ ಆಗಲ್ವಾ?” ಅಂದೆ. “ಏನೂ ಆಗಲ್ಲ ಮೇಡಂ, ಬೋಟಲ್ಲಿ ಹೋಗೋರೆಲ್ಲ ಇದನ್ನೇ ತಗೊಳ್ಳೋದು” ಅಂದರು. ನಂಬಿದೆ.

ಮೊದಲ ದಿನದ ಸಂತೋಷವನ್ನು ಹೇಳದೆ ಇದ್ದರೆ ಅನ್ಯಾಯವಾಗುತ್ತದೆ. ಜಗಲಿಯಲ್ಲಿ ಕೂತು ಅಪ್ಪ ತೋಟದಂಚಿನ ಹಲಸಿನ ಮರದ ಕಡೆ ನೋಡಿದರು. ಚಿತ್ರ ಕುಣಿಯುತ್ತಿತ್ತು. ಗುಂಡಿ ಒತ್ತಿ ಅಂದೆ. ಒತ್ತಿದರು. ಅವರ ಬೆರಳು ನಡುಗುತ್ತಲೇ ಇತ್ತು, ಆದರೆ ಬಾಯಿ ತೆರೆದೇ ಇತ್ತು. “ನಿಂತೇಬಿಡ್ತಲ್ಲೇ!” ಅಂದರು. ಕುಟ್ರುಹಕ್ಕಿಯ ಕೊಕ್ಕಿನ ಬುಡದಲ್ಲಿರುವ ಮೀಸೆಯಂಥ ಕೂದಲನ್ನು ಎಣಿಸುವವರ ಹಾಗೆ ನೋಡುತ್ತಾ ಕೂತರು. ಕೈ ನಡುಗುವವರಿಗೆ ಈ ಸಾಧನ ನಿಜವಾಗಿಯೂ ವರ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಕೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ.

ಮಳೆಗಾಲದಲ್ಲಿ ಮಂಡಗದ್ದೆಗೆ ಹೋದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ದಾರಿಯಲ್ಲಿ, ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್. ತುಂಗೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಗೂಡು ಕಟ್ಟುವುದೇ ಮಳೆಗಾಲದಲ್ಲಿ. ಅಂದರೆ ನೋಡಬೇಕಾದರೆ ಮಳೆಯಲ್ಲೇ ಹೋಗಬೇಕು. ಜುಲೈ, ಆಗಸ್ಟ್‌ನಲ್ಲಿ ನಾಲ್ಕು ಸಲ ಹೋದೆವು. ಛತ್ರಿ ಹಿಡಿದುಕೊಂಡೇ ನೋಡಿದ್ದು. ನೇರ ಮಳೆಗೆ ಒಮ್ಮೆಯೂ ಒಡ್ಡಲಿಲ್ಲ. ಆದರೆ ಜಡಿಮಳೆಯ ಎರಚಲು ಛತ್ರಿಯನ್ನು ಕೇಳುತ್ತದಾ? ಮನೆಗೆ ಬಂದು ಟವೆಲ್‌ನಲ್ಲಿ ಒರೆಸಿ, ಅದರದ್ದೇ ಬಟ್ಟೆಯ ಚೀಲಕ್ಕೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು ಅಪ್ಪ. ಬೆಲೆಬಾಳುವ ವಸ್ತು, ಭದ್ರವಾಗಿರಲಿ ಅಂತ.

ಅದೇ ದೊಡ್ಡ ತಪ್ಪು. ಒದ್ದೆ ಚೀಲ, ಕತ್ತಲು, ಗಾಳಿಯಾಡದ ಬೀರು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆ ಬೂಷ್ಟು ಬರುವುದು ಎಲ್ಲರಿಗೂ ಗೊತ್ತು. ಗಾಜಿಗೂ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಒಳ್ಳೆಯ ಮಾಮೂಲಿ ಬೈನಾಕ್ಯುಲರ್‌ಗಳ ಒಳಗೆ ನೈಟ್ರೋಜನ್ ತುಂಬಿ, ಗಾಳಿ ಹೋಗದ ಹಾಗೆ ಮುಚ್ಚಿರುತ್ತಾರೆ. ಸ್ಟೆಬಿಲೈಸರ್ ಇರುವ ಎಷ್ಟೋ ಮಾಡೆಲ್‌ಗಳು ಹಾಗಿಲ್ಲ. ಸೆಲ್ ಹಾಕುವ ಮುಚ್ಚಳ, ಗುಂಡಿ, ಫೋಕಸ್ ತಿರುಗಿಸುವ ಚಕ್ರ, ಹೀಗೆ ತೇವ ನುಗ್ಗಲು ಹತ್ತು ದಾರಿ. ಒಳಗೆ ಹೋದ ಗಾಳಿಯ ತೇವ ತಣ್ಣನೆಯ ಗಾಜಿನ ಮೇಲೆ ಕೂರುತ್ತದೆ. ಬೂಷ್ಟಿನ ಬೀಜ ಗಾಳಿಯಲ್ಲಿ ಯಾವಾಗಲೂ ಇದ್ದೇ ಇರುತ್ತದೆ.

ಇನ್ನೊಂದು ಕಾಟ ಸೆಲ್ಲಿನದು. ಎರಡು ಎಎ ಸೆಲ್ ಬೇಕು. ಒಂದು ಸಲ ಮಂಡಗದ್ದೆಗೆ ಹೋಗುವಾಗ ದಾರಿಯ ಗೂಡಂಗಡಿಯಲ್ಲಿ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಹಾಕುವ ಅಗ್ಗದ ಸೆಲ್ ತಗೊಂಡೆವು. ಬೈನಾಕ್ಯುಲರ್‌ನ ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಆರಿತು. ಗಡಿಯಾರ ಸೆಲ್ಲಿನಿಂದ ಹನಿ ಹನಿಯಾಗಿ ಕರೆಂಟ್ ಎಳೆಯುತ್ತದೆ, ಇದು ಒಂದೇ ಸಲ ಜಾಸ್ತಿ ಎಳೆಯುತ್ತದೆ. ಆಲ್ಕಲೈನ್ ಸೆಲ್ ಅಥವಾ ಒಳ್ಳೆಯ ಚಾರ್ಜ್ ಮಾಡುವ ಸೆಲ್ಲೇ ಬೇಕು. ಕೈ ಗಟ್ಟಿ ಇರುವವರಿಗೆ ಸೆಲ್ ಮುಗಿದರೂ ಇದು ಮಾಮೂಲಿ ಬೈನಾಕ್ಯುಲರ್ ಆಗಿ ಕೆಲಸಕ್ಕೆ ಬರುತ್ತದೆ. ಅಪ್ಪನಂಥವರಿಗೆ ಸೆಲ್ ಮುಗಿದರೆ ಹಕ್ಕಿ ನೋಡುವುದೂ ಮುಗಿದ ಹಾಗೆ. ಸೆಪ್ಟೆಂಬರ್ ಆದಮೇಲೆ ಅವೇ ಸೆಲ್‌ಗಳನ್ನು ಒಳಗೇ ಬಿಟ್ಟುಬಿಟ್ಟೆವು. ಅವು ಸೋರಿ, ಸ್ಪ್ರಿಂಗ್ ಸುತ್ತ ಉಪ್ಪಿನಂಥ ಬಿಳಿ ಪುಡಿ ಕಟ್ಟಿತ್ತು. ಅದನ್ನು ಕೆರೆದು ಕ್ಲೀನ್ ಮಾಡಿದೆ. ಅಷ್ಟಾದರೂ ಗಾಜಿನ ಕಡೆ ನೋಡಬೇಕು ಅಂತ ಅನ್ನಿಸಲಿಲ್ಲ ನೋಡಿ.

ನವೆಂಬರ್‌ನಲ್ಲಿ ಊರಿಗೆ ಹೋದಾಗ ಅಪ್ಪ ಬೈನಾಕ್ಯುಲರ್ ತೆಗೆಯುತ್ತಲೇ ಇರಲಿಲ್ಲ. ಯಾಕೆ ಅಂದರೆ “ಬೆಳಿಗ್ಗೆ ಚಳಿ” ಅಂದರು. ಅಮ್ಮ ಅಡುಗೆಮನೆಗೆ ಕರೆದು ಹೇಳಿದರು: “ಅವರಿಗೆ ಕಣ್ಣು ಮಂಜಾಗ್ತಿದೆಯಂತೆ. ನಿಂಗೆ ಹೇಳ್ಬೇಡ ಅಂದಿದಾರೆ.” ಆರು ವರ್ಷದ ಹಿಂದೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಆಪರೇಷನ್ ಆದಮೇಲೂ ಕೆಲವರಿಗೆ ಹಾಕಿದ ಲೆನ್ಸಿನ ಹಿಂದಿನ ಪದರ ಮಂಜಾಗುವುದುಂಟು. ಅದಕ್ಕೆ ಲೇಸರ್ ಮಾಡುತ್ತಾರೆ. ಹಾಗೇ ಇರಬೇಕು ಅಂದುಕೊಂಡು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರ್ ಕಣ್ಣಿಗೆ ಡ್ರಾಪ್ಸ್ ಹಾಕಿ ಎಲ್ಲ ನೋಡಿ, ಕಣ್ಣು ಚೆನ್ನಾಗಿದೆ, ಬೇಕಿದ್ದರೆ ಕನ್ನಡಕ ಬದಲಾಯಿಸಿ ಅಂದರು. ಬದಲಾಯಿಸಿದೆವು. ಅಪ್ಪನ ಮುಖ ಮಾತ್ರ ಹಾಗೇ ಇತ್ತು. ಡಾಕ್ಟರಿಗೆ ಗೊತ್ತಾಗಿಲ್ಲ ಅಂತ ಅವರ ಲೆಕ್ಕ.

ಇನ್ನೊಂದು ಕಾರಣವೂ ಸೇರಿಕೊಂಡಿತ್ತು. 10x30 ಅಂದರೆ ಕಣ್ಣಿಗೆ ಬರುವ ಬೆಳಕಿನ ಕಿಂಡಿ 3 ಮಿಲಿಮೀಟರ್ ಅಗಲ. 30ನ್ನು 10ರಿಂದ ಭಾಗಿಸಿದರೆ ಆಯಿತು. ಅವರ ಹಳೆಯ 8x40ರಲ್ಲಿ ಅದು 5 ಮಿಲಿಮೀಟರ್. ಬೆಳಗಿನ ಜಾವ, ಸಂಜೆ, ದಟ್ಟ ಕಾಡಿನೊಳಗೆ ಚಿಕ್ಕ ಕಿಂಡಿಯದು ಮಸುಕಾಗಿಯೇ ಕಾಣುತ್ತದೆ. ಚಿತ್ರವನ್ನು ನಿಲ್ಲಿಸಬಹುದು, ಇಲ್ಲದ ಬೆಳಕನ್ನು ತರಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿದ್ದರೆ ಅಪ್ಪ ಅಷ್ಟು ಹೆದರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಲಕ್ಕವಳ್ಳಿಗೆ ಹೋದೆವು. ಭದ್ರಾ ಹಿನ್ನೀರು ಇಳಿಯುತ್ತಾ ಬಂದ ಹಾಗೆ ಸಣ್ಣ ಸಣ್ಣ ನಡುಗಡ್ಡೆಗಳು ಎದ್ದು ಕಾಣುತ್ತವೆ. ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಗುಂಪುಗುಂಪಾಗಿ ಸೇರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಜೋಡಿ ಕೂಡುವ ಸಮಯದಲ್ಲಿ ಗಂಡು ಮೀನು ತಂದು ಹೆಣ್ಣಿಗೆ ಕೊಡುತ್ತದೆ. ಅದನ್ನು ಕಣ್ಣಾರೆ ನೋಡಬೇಕು ಅಂತ ಅಪ್ಪನಿಗೆ ಎಷ್ಟೋ ವರ್ಷದ ಆಸೆ.

ಬೋಟಿನಲ್ಲಿ ಕೂತೆವು. ಅಪ್ಪ ಹಾರುವ ಹಕ್ಕಿಯ ಹಿಂದೆ ಗುಂಡಿ ಒತ್ತಿಕೊಂಡೇ ಬೈನಾಕ್ಯುಲರ್ ತಿರುಗಿಸಿದರು. ಹಾಗೆ ಮಾಡಿದರೆ ಚಿತ್ರ ಹಿಂದೆ ಉಳಿದು, ಆಮೇಲೆ ಜಾರಿಕೊಂಡು ಬರುತ್ತದೆ. ತಲೆ ಸುತ್ತು ಬಂತು ಅಂದರು. ಹಾರುವ ಹಕ್ಕಿಯನ್ನು ಗುಂಡಿ ಬಿಟ್ಟು ಹಿಂಬಾಲಿಸಬೇಕು, ಅದು ಕೂತಮೇಲೆ ಒತ್ತಬೇಕು. ಬೋಟಿನ ದೊಡ್ಡ ಓಲಾಟವನ್ನೂ ಇದು ಪೂರ್ತಿ ತಡೆಯುವುದಿಲ್ಲ, ಸಣ್ಣ ನಡುಕಕ್ಕೆ ಮಾತ್ರ ಚೆನ್ನ. ಸ್ವಲ್ಪ ಹೊತ್ತಿಗೆ ಅಪ್ಪ ಅದನ್ನು ನನ್ನ ಮಗನ ಕೈಗೆ ಕೊಟ್ಟು, “ನೀನು ನೋಡು ಪುಟ್ಟ, ಅಜ್ಜನಿಗೆ ಇನ್ನು ಇದೆಲ್ಲ ಸಾಕು” ಅಂದರು.

ಮಗನಿಗೆ ಎಂಟು ವರ್ಷ. ಕಣ್ಣಿಗಿಟ್ಟು ಹೇಳಿದ: “ಅಜ್ಜಾ, ಇದ್ರಲ್ಲಿ ಮಂಜು ಬಿದ್ದಿದೆ.”

ಕಿತ್ತುಕೊಂಡು ನಾನು ನೋಡಿದೆ. ಸುಡು ಬಿಸಿಲಿನಲ್ಲಿ, ತಿಳಿ ನೀರಿನ ಮೇಲೆ, ಎಲ್ಲವೂ ಹಾಲು ಬೆರೆಸಿದ ಹಾಗೆ ಬೆಳ್ಳಗೆ. ಅಷ್ಟು ತಿಂಗಳಲ್ಲಿ ನಾನು ಒಂದು ಸಲವೂ ಅದರಲ್ಲಿ ಇಣುಕಿ ನೋಡಿರಲಿಲ್ಲ. ಜೊತೆಗಿದ್ದ ಗೈಡ್ ತಮ್ಮ ಮಾಮೂಲಿ ಬೈನಾಕ್ಯುಲರ್ ಕೊಟ್ಟರು. ಅಪ್ಪನ ಕೈ ನಡುಗಿತು. ಆಗ ಮಗ ಎದ್ದು ಅಜ್ಜನ ಮುಂದೆ ಬೆನ್ನು ಮಾಡಿ ಕೂತ. ಅವನ ಹೆಗಲ ಮೇಲೆ ಬೈನಾಕ್ಯುಲರ್ ಊರಿ ಅಪ್ಪ ನೋಡಿದರು. ಬೋಟು ನಿಂತಿತ್ತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ಕೊಡ್ತು... ಮೀನು ಕೊಡ್ತು ಕಣೇ” ಅಂದರು. ಇನ್ನೊಂದು ನಿಮಿಷ ಬಿಟ್ಟು, “ನನ್ನ ಕಣ್ಣು ಸರಿ ಇದೆಯಲ್ಲೇ ಹಂಗಾದ್ರೆ” ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಆ ರಾತ್ರಿ ರೂಮಿನ ದೀಪ ಆರಿಸಿ, ದೊಡ್ಡ ಗಾಜಿನ ಕಡೆಯಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದೆ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು, ಒಂದು ಮೂಲೆಯಿಂದ ಬೇರಿನ ಹಾಗೆ ಹರಡಿದ್ದವು. ನಿಮ್ಮ ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ, ಯಾವುದೇ ಇರಲಿ, ಇವತ್ತೇ ಹೀಗೆ ಟಾರ್ಚ್ ಬಿಟ್ಟು ನೋಡಿ. ಹಿರಿಯರು ಮಂಜು ಅಂದರೆ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು, ಆದರೆ ಅದೇ ದಿನ ಮನೆಯ ಇನ್ನೊಬ್ಬರು ಆ ಗಾಜಿನಲ್ಲಿ ಒಮ್ಮೆ ಇಣುಕಿ ನೋಡಿ.

ರಿಪೇರಿಯ ಕಥೆ ಚಿಕ್ಕದು. ಇದು ಇಲ್ಲಿ ಮಾರಿದ್ದಲ್ಲ, ಇಲ್ಲಿಯ ವಾರಂಟಿ ಇಲ್ಲ ಅಂದರು ಸರ್ವಿಸ್ ಸೆಂಟರ್‌ನವರು. ಮಾರಿದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಬೆಂಗಳೂರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಇಬ್ಬರಿಗೆ ತೋರಿಸಿದೆ. ಮಾಮೂಲಿ ಬೈನಾಕ್ಯುಲರ್ ಆದರೆ ಬಿಚ್ಚಿ ಒರೆಸಿ ಕೊಡಬಹುದು, ಇದರಲ್ಲಿ ಅಲುಗುವ ಪ್ರಿಸಮ್, ಮೋಟರ್, ಸರ್ಕ್ಯೂಟ್ ಇದೆ, ಬಿಚ್ಚಿದರೆ ಮತ್ತೆ ಎರಡೂ ಕಣ್ಣಿನ ಚಿತ್ರ ಒಂದೇ ಕಡೆ ಕೂರಿಸುವುದು ನಮ್ಮ ಕೈಲಾಗಲ್ಲ ಅಂದರು. ಬೂಷ್ಟು ಬಹಳ ದಿನ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ ಅಂತಲೂ ಹೇಳಿದರು.

ಹಾಗಾಗಿ ಮಲೆನಾಡು, ಕರಾವಳಿ, ಕೊಡಗಿನವರು ಕೊಳ್ಳುವುದಾದರೆ ಮಾರುವವರ ಮಾತು ಬೇಡ, ಕಂಪನಿಯ ಕೈಪಿಡಿಯಲ್ಲಿ ವಾಟರ್‌ಪ್ರೂಫ್ ಅಂತ ಇದೆಯಾ ನೋಡಿ. ಕ್ಯಾನನ್‌ನ 10x42 ಎಲ್ ಅಂಥದ್ದು, ಆದರೆ ತೂಕ ಒಂದು ಕೆಜಿ ದಾಟುತ್ತದೆ, ಬೆಲೆಯೂ ಬಹಳ ಮೇಲೆ. ಕುತ್ತಿಗೆ ನೋವಿರುವವರು ಒಮ್ಮೆ ನೇತುಹಾಕಿ ನೋಡದೆ ಕೊಳ್ಳಬೇಡಿ. ಇಲ್ಲಿಯ ಬಿಲ್, ಇಲ್ಲಿಯ ವಾರಂಟಿ ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಈಗಾಗಲೇ ಇರುವವರು ಮಳೆಗಾಲದಲ್ಲಿ ಅದನ್ನು ಬಟ್ಟೆಯ ಚೀಲದಿಂದ ಹೊರಗೆ ತೆಗೆದು, ಸೆಲ್ ಬಿಚ್ಚಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ತಗೊಂಡರೆ ತೇವ ಹೀರಿದ್ದು ಕಣ್ಣಿಗೇ ಕಾಣುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಅಪ್ಪನ ಹಳೆಯ 8x40 ಈಗ ಜಗಲಿಗೆ ವಾಪಸ್ ಬಂದಿದೆ. ಒಂದು ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ತಂದು, ಅದರ ತುದಿಗೆ ಅಡಾಪ್ಟರ್ ಹಾಕಿ ದುರ್ಬೀನನ್ನು ಕೂರಿಸಿಕೊಟ್ಟಿದ್ದೇನೆ. ಸ್ಟೆಬಿಲೈಸರ್‌ನಷ್ಟು ಚಿತ್ರ ನಿಲ್ಲುವುದಿಲ್ಲ, ಆದರೂ ನೋಡುತ್ತಾರೆ. ನಿನ್ನೆ ಫೋನಿನಲ್ಲಿ ಹಲಸಿನ ಮರಕ್ಕೆ ಮಂಗಟ್ಟೆ ಬಂದಿತ್ತು ಅಂದರು. ಮಳೆ ಶುರುವಾಗುವ ಮೊದಲು ಇನ್ನೂ ಎರಡು ಡಬ್ಬಿ ಸಿಲಿಕಾ ಜೆಲ್ ಕಳಿಸು ಅಂತಲೂ ಹೇಳಿದರು.