ಹಳೆ ಕಮಾಂಚಿ ಪಿಕಪ್‌ಗೆ ಹಿಂದಿನ ಆಕ್ಸಲ್: 8.25, ಡಾನಾ 44, ಇಲ್ಲಾ ಫೋರ್ಡ್ 8.8?

ಜೀಪ್ ಕಮಾಂಚಿ ಅಂದರೆ ಚೆರೊಕಿ ಗಾಡಿಯದೇ ಪಿಕಪ್ ರೂಪ. 1986ರಿಂದ 1992ರ ಮಾಡೆಲ್‌ವರೆಗೆ ಮಾತ್ರ ಬಂತು, ಆಮೇಲೆ ನಿಂತೇ ಹೋಯಿತು. ನನ್ನದು 1991ರದು. 4.0 ಲೀಟರ್, ಆರು ಸಿಲಿಂಡರ್ ಇಂಜಿನ್, ಆಟೊಮ್ಯಾಟಿಕ್ ಗೇರ್, ಫೋರ್ ವೀಲ್ ಡ್ರೈವ್. ನಾನಿರುವುದು ಕೊಲರಾಡೊದಲ್ಲಿ. ಇಲ್ಲಿ ಇಂಥ ಗಾಡಿ ಇಟ್ಟುಕೊಂಡು ಬೇಸಿಗೆಯಲ್ಲಿ ಬೆಟ್ಟ ಹತ್ತದೆ ಇರಕ್ಕಾಗಲ್ಲ.

ಇದರಲ್ಲಿ ಹಿಂದೆ ಬರುವುದು ಡಾನಾ ಕಂಪನಿಯ 35 ಅನ್ನುವ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರ ತಿರುಗಿಸುವ ಅಚ್ಚು. ಮೂಲ ಅಳತೆಯ ಟೈರಿಗೆ, ಊರೊಳಗಿನ ಓಡಾಟಕ್ಕೆ ಅದು ಸಾಕು. ಆದರೆ ಅದರ ಕ್ರೌನ್ (ಒಳಗಿನ ದೊಡ್ಡ ಹಲ್ಲುಚಕ್ರ) ಸುಮಾರು ಏಳೂವರೆ ಇಂಚಿನದು. ದೊಡ್ಡ ಟೈರ್ ಹಾಕಿ, ಲೋ ರೇಂಜಿನಲ್ಲಿ (ನಿಧಾನ, ಆದರೆ ಎಳೆತ ಜಾಸ್ತಿ ಇರುವ ಗೇರಿನಲ್ಲಿ) ಬಂಡೆ ಮೇಲೆ ಒಂದು ಚಕ್ರ ಸಿಕ್ಕಿಹಾಕಿಕೊಂಡಾಗ ಬೀಳುವ ಹೊರೆಗೆ ಅದನ್ನು ಮಾಡಿಲ್ಲ. ಹಾಗಾಗಿ ಟೈರ್ ದೊಡ್ಡದು ಮಾಡುವವರೆಲ್ಲ ಒಂದಲ್ಲ ಒಂದು ದಿನ ಬೇರೆ ಆಕ್ಸಲ್ ಹುಡುಕಿಕೊಂಡು ಗುಜರಿಗೆ ಹೋಗುತ್ತಾರೆ.

ಹೋದವರು ಮೊದಲು ಕೇಳುವುದು "ಯಾವುದು ಗಟ್ಟಿ?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು "ನನ್ನ ಮುಂದಿನ ಆಕ್ಸಲ್ ರೇಶಿಯೊ ಎಷ್ಟು?" ಅಂತ. ರೇಶಿಯೊ ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ. ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತೆ. ಮುಂದೆ 3.55, ಹಿಂದೆ 4.10 ಇದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ. ಟೈರ್ ಉಜ್ಜುತ್ತೆ, ಟ್ರಾನ್ಸ್‌ಫರ್ ಕೇಸಿನ ಚೈನ್ ಬಿಗಿಯುತ್ತೆ, ಕೊನೆಗೆ ಏನಾದರೂ ಒಂದು ಮುರಿಯುತ್ತೆ. ಅಂದರೆ ಹಿಂದಿನ ರೇಶಿಯೊ ಬದಲಾದರೆ ಮುಂದಿನದನ್ನೂ ಬಿಚ್ಚಲೇಬೇಕು. ಅದರಲ್ಲೂ ಒಂದು ತಾಪತ್ರಯ ಇದೆ. ಮುಂದಿನ ಡಾನಾ 30ರಲ್ಲಿ 3.55ಕ್ಕೆ ಬರುವ ಕ್ಯಾರಿಯರ್ (ಕ್ರೌನ್ ಬಿಗಿಯುವ ಗೂಡು) 3.73ಕ್ಕಾಗಲಿ ಅದಕ್ಕಿಂತ ಮೇಲಿನದಕ್ಕಾಗಲಿ ಕೂರಲ್ಲ. ಕ್ರೌನ್, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ ಇವೆರಡರ ಜೊತೆಗೆ ಕ್ಯಾರಿಯರೂ ಹೊಸದು ಬೇಕು. ಹಿಂದಿನ ಆಕ್ಸಲ್ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವವರು ಈ ಲೆಕ್ಕ ಹಾಕಿರಲ್ಲ.

ಈ ಗಾಡಿಗೆ ನಾನು ಮೊದಲು ಹಾಕಿದ್ದು ಕ್ರೈಸ್ಲರ್ 8.25 (ಅಂಕಿ ಕ್ರೌನಿನ ಇಂಚಿನ ಅಳತೆ). ಈಗ ಇರುವುದು ಫೋರ್ಡ್ 8.8. ಡಾನಾ 44 ಇರುವುದು ಗೆಳೆಯನ ಕಮಾಂಚಿಯಲ್ಲಿ. ಅದನ್ನು ಓಡಿಸಿದ್ದೇನೆ, ಅದರ ಬೇರಿಂಗ್ ಕೆಲಸಕ್ಕೂ ಕೈ ಹಾಕಿದ್ದೇನೆ.

8.25 ಸಿಗುವುದು ಚೆರೊಕಿಯಲ್ಲಿ. ಬೇಕಾದದ್ದು 1997ರಿಂದ 2001ರ ಮಾಡೆಲಿನದು. ಅದರ ಶಾಫ್ಟಿಗೆ 29 ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲು), ಹಳೆಯದಕ್ಕೆ 27. ಶಾಫ್ಟ್ ಒಳಗಿರುವ ಟ್ಯೂಬು ಮೂರು ಇಂಚು ದಪ್ಪ. ಗುರುತು ಹಿಡಿಯುವುದು ಸುಲಭ: ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗುಂಪು) ಕವರಿನ ಕೆಳಗಿನ ಅಂಚು ನೆಟ್ಟಗೆ, ಚಪ್ಪಟೆಯಾಗಿರುತ್ತೆ. ಡಾನಾ 35ರದ್ದು ಮೊಟ್ಟೆಯಾಕಾರ, ಅದಕ್ಕೊಂದು ರಬ್ಬರ್ ಬಿರಡೆ. ಎಬಿಎಸ್ ಇರುವ ಚೆರೊಕಿಯ ಕೆಳಗೆ ತೂರಿ ಸುಮ್ನೆ ಬಟ್ಟೆ ಕೊಳೆ ಮಾಡಿಕೊಳ್ಳಬೇಡಿ, ಅವುಗಳಲ್ಲಿ 35 ಇರುತ್ತೆ. ಆಟೊಮ್ಯಾಟಿಕ್ ಗಾಡಿಯದಾದರೆ ಬಹುಪಾಲು 3.55 ರೇಶಿಯೊ. ನನ್ನ ಮುಂದಿನ ಆಕ್ಸಲೂ ಅದೇ. ಹಾಗಾಗಿ ಮುಂದೆ ಒಂದು ಬೋಲ್ಟನ್ನೂ ಮುಟ್ಟಬೇಕಾಗಿ ಬರಲಿಲ್ಲ. ಚಕ್ರದ ಬೋಲ್ಟ್ ಅಳತೆಯೂ ಒಂದೇ, ಐದು ಬೋಲ್ಟ್, ನಾಲ್ಕೂವರೆ ಇಂಚು.

ಆದರೂ ಬಿಚ್ಚಿ ಹಾಕಿದರೆ ಮುಗಿಯುವ ಕೆಲಸ ಅಲ್ಲ. ಚೆರೊಕಿಯಲ್ಲಿ ಲೀಫ್ ಸ್ಪ್ರಿಂಗ್ ಆಕ್ಸಲ್ ಮೇಲೆ ಕೂರುತ್ತೆ. ಕಮಾಂಚಿಯಲ್ಲಿ ಕೆಳಗೆ. ಸ್ಪ್ರಿಂಗ್ ಕೂರುವ ಹಳೆ ಪ್ಯಾಡ್‌ಗಳನ್ನು ಗ್ರೈಂಡರಿನಲ್ಲಿ ಕತ್ತರಿಸಿ ಹೊಸದನ್ನು ಟ್ಯೂಬಿನ ಕೆಳಗೆ ವೆಲ್ಡ್ ಮಾಡಬೇಕು. ಇಲ್ಲಿ ಅವಸರ ಸಲ್ಲ. ಮೊದಲು ಪ್ಯಾಡ್‌ಗಳನ್ನು ಸ್ಪ್ರಿಂಗ್ ಮೇಲೆ ಸಡಿಲವಾಗಿ ಕೂರಿಸಿ, ಯು-ಬೋಲ್ಟ್ ಅರ್ಧ ಬಿಗಿದು, ಗಾಡಿಯನ್ನು ತನ್ನ ಭಾರದ ಮೇಲೆ ಇಳಿಸಬೇಕು. ಪಿನಿಯನ್ ಎಷ್ಟು ಡಿಗ್ರಿ ಮೇಲೆ ನೋಡುತ್ತಿದೆ ಅಂತ ಆ್ಯಂಗಲ್ ಗೇಜ್ ಇಟ್ಟು ನೋಡಿ, ಸರಿಯಾದ ಮೇಲೆ ಎರಡೆರಡು ಕಡೆ ಟ್ಯಾಕ್ (ಚುಕ್ಕಿ ವೆಲ್ಡು) ಹಾಕಬೇಕು. ಆಮೇಲೆ ಆಕ್ಸಲ್ ಕೆಳಗಿಳಿಸಿ ಪೂರ್ತಿ ವೆಲ್ಡು. ಅದೂ ಒಂದೇ ಸಲಕ್ಕೆ ಅಲ್ಲ. ಎಡಗಡೆ ಒಂದಿಂಚು, ಬಲಗಡೆ ಒಂದಿಂಚು, ಮಧ್ಯೆ ಆರಲು ಬಿಡಬೇಕು. ಒಂದೇ ಕಡೆ ಬಿಸಿ ಕೊಟ್ಟರೆ ಟ್ಯೂಬು ಬಾಗುತ್ತೆ. ಬಾಗಿದರೆ ಸೀಲು, ಬೇರಿಂಗು ಎರಡಕ್ಕೂ ಆಯಸ್ಸು ಕಮ್ಮಿ.

ಕಮಾಂಚಿಯಲ್ಲಿ ಇನ್ನೊಂದು ವಿಚಿತ್ರ ಇದೆ, ಚೆರೊಕಿಯವರಿಗೆ ಗೊತ್ತಿರಲ್ಲ. ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು ಅನ್ನುವುದನ್ನು ಲೋಡ್ ನೋಡಿ ತೀರ್ಮಾನಿಸುವ ವಾಲ್ವ್ ಅದು. ಅದರಿಂದ ಒಂದು ಕಡ್ಡಿ ಆಕ್ಸಲ್‌ಗೆ ಬರುತ್ತೆ. ತೊಟ್ಟಿಗೆ ಮಣ್ಣೋ ಸೌದೆಯೋ ತುಂಬಿದಾಗ ಗಾಡಿ ಕುಗ್ಗುತ್ತೆ, ಕಡ್ಡಿ ಏರುತ್ತೆ, ಹಿಂದಿನ ಬ್ರೇಕ್ ಜೋರಾಗುತ್ತೆ. ಆಕ್ಸಲ್ ಬದಲಿಸುವಾಗ ಈ ಕಡ್ಡಿಯನ್ನು ಬಿಚ್ಚಿಟ್ಟು ಮರೆತುಬಿಟ್ಟರೆ, ಇಲ್ಲಾ ಗಾಡಿ ಎತ್ತರ ಮಾಡಿಯೂ ಅದೇ ಉದ್ದ ಇಟ್ಟರೆ, ಗಾಡಿ ಯಾವಾಗಲೂ ಖಾಲಿ ಇದೆ ಅಂತಲೇ ವಾಲ್ವ್ ತಿಳಿಯುತ್ತೆ. ಹಿಂದಿನ ಬ್ರೇಕ್ ಇದ್ದೂ ಇಲ್ಲದ ಹಾಗೆ. ಕಡ್ಡಿಯ ಉದ್ದ ಸರಿಪಡಿಸಿ, ಅಥವಾ ಚೆರೊಕಿಯ ವಾಲ್ವ್ ಹಾಕಿ ಇದನ್ನು ತೆಗೆದುಬಿಡಿ.

31 ಇಂಚಿನ ಟೈರಿಗೆ 8.25 ಸಾಕಷ್ಟು ಗಟ್ಟಿ. ನಾನು ಬಂಡೆ ಮೇಲೆ ಸಾಕಷ್ಟು ಗೋಳುಹೊಯ್ದುಕೊಂಡಿದ್ದೇನೆ, ಅದು ಚಕಾರ ಎತ್ತಲಿಲ್ಲ. ಕೊರತೆ ಕಂಡದ್ದು ರೇಶಿಯೊದಲ್ಲಿ. ಮೂಲ ಟೈರು 28 ಇಂಚಿನ ಆಸುಪಾಸಿನದು. ಅದನ್ನು 31 ಮಾಡಿದರೆ 3.55 ಇದ್ದದ್ದು 3.2ರ ಹಾಗೆ ಕೆಲಸ ಮಾಡುತ್ತೆ. ಊರೇ (Ouray), ಟೆಲ್ಯುರೈಡ್ ಅನ್ನುವ ಎರಡು ಪಟ್ಟಣಗಳ ನಡುವಿನ ಬೆಟ್ಟದ ದಾರಿ ಇಮೋಜಿನ್ ಪಾಸ್ 13,114 ಅಡಿ ಎತ್ತರದ್ದು. ಅಲ್ಲಿ ಗಾಳಿಯೇ ತೆಳು, ಇಂಜಿನ್ ಮೊದಲೇ ಸುಸ್ತು. ಲೋ ರೇಂಜ್ ಒಂದನೇ ಗೇರಿನಲ್ಲಿ ಹತ್ತುತ್ತೆ, ಎರಡನೆಯದಕ್ಕೆ ಬಿದ್ದರೆ ಏದುಸಿರು. ಐ-70 ಹೈವೇಯಲ್ಲಿ ಐಸೆನ್‌ಹೋವರ್ ಸುರಂಗದ ಕಡೆ ಹತ್ತುವಾಗಲಂತೂ ಓವರ್‌ಡ್ರೈವ್ (ನಾಲ್ಕನೇ ಗೇರ್) ನಿಲ್ಲುವುದೇ ಇಲ್ಲ. ಮೂರು, ನಾಲ್ಕು, ಮತ್ತೆ ಮೂರು. ಬೆಟ್ಟವಿಲ್ಲದ ಊರಿನವರಿಗೆ ಇದು ತಲೆನೋವೇ ಅಲ್ಲ.

ಡಾನಾ 44 ಬಗ್ಗೆ ಹೇಳುವುದು ಕಮ್ಮಿ, ಯಾಕಂದ್ರೆ ಕೊರಗಲು ಏನೂ ಇಲ್ಲ. ಕಮಾಂಚಿಯಲ್ಲೇ ಮೆಟ್ರಿಕ್ ಟನ್ ಪ್ಯಾಕೇಜ್ ಅಂತ ಒಂದಿತ್ತು, ಭಾರ ಹೊರುವವರಿಗೆ. ಅದರಲ್ಲಿ ಬರುತ್ತಿದ್ದದ್ದು ಇದೇ. ಕ್ರೌನ್ ಎಂಟೂವರೆ ಇಂಚು, ಶಾಫ್ಟಿಗೆ 30 ಸ್ಪ್ಲೈನ್. ಕಮಾಂಚಿಯದೇ ಆದ್ದರಿಂದ ಪ್ಯಾಡ್ ಸರಿಯಾದ ಜಾಗದಲ್ಲೇ ಇರುತ್ತೆ, ವೆಲ್ಡಿಂಗ್ ಮಾತೇ ಇಲ್ಲ. ಗೆಳೆಯನದರಲ್ಲಿ ಇರುವುದು 3.54. ಮುಂದಿನ 3.55ಕ್ಕೂ ಅದಕ್ಕೂ ಇರುವ ಆ ಒಂದು ಚೂರು ವ್ಯತ್ಯಾಸ ಲೆಕ್ಕಕ್ಕೇ ಇಲ್ಲ.

ಇದರ ನಿಜವಾದ ಹೆಚ್ಚುಗಾರಿಕೆ ಶಾಫ್ಟ್ ಹಿಡಿದಿಡುವ ರೀತಿಯಲ್ಲಿದೆ. 8.25ರಲ್ಲೂ 8.8ರಲ್ಲೂ ಶಾಫ್ಟನ್ನು ಒಳಗಡೆ ಒಂದು ಪುಟ್ಟ ಸಿ-ಕ್ಲಿಪ್ ಹಿಡಿದಿರುತ್ತೆ. ಶಾಫ್ಟ್ ಮುರಿದರೆ ಚಕ್ರ ಸಮೇತ ಹೊರಗೆ ಬರಬಹುದು. 44ರಲ್ಲಿ ಹೊರಗಿನ ತುದಿಯಲ್ಲೇ ಪ್ಲೇಟ್ ಹಾಕಿ ಬೋಲ್ಟ್ ಬಿಗಿದಿರುತ್ತಾರೆ. ಶಾಫ್ಟ್ ಮುರಿದರೂ ಚಕ್ರ ಜಾಗದಲ್ಲೇ ಇರುತ್ತೆ. ಬದಲಿಗೆ ಬೇರಿಂಗ್ ಬದಲಿಸುವಾಗ ಪ್ರೆಸ್ ಬೇಕು, ಮನೆಯ ಗ್ಯಾರೇಜಿನಲ್ಲಿ ಸುತ್ತಿಗೆ ಹಿಡಿದು ಆಗುವ ಕೆಲಸ ಅಲ್ಲ. 31ರ ಟೈರಿನಲ್ಲಿ ಎರಡನ್ನೂ ಓಡಿಸಿ ನೋಡಿದರೆ 44ಕ್ಕೂ 8.25ಕ್ಕೂ ಸೀಟಿನಲ್ಲಿ ಕೂತವರಿಗೆ ಗೊತ್ತಾಗುವ ವ್ಯತ್ಯಾಸ ಇಲ್ಲ. ತೊಂದರೆ ಒಂದೇ, ಸಿಗಲ್ಲ. ಗೆಳೆಯ ತೀರ್ಥಹಳ್ಳಿಯವನು. "ಈ ಆಕ್ಸಲ್ ಕೊಡ್ತೀಯೇನೋ?" ಅಂತ ಕೇಳಿದ್ದಕ್ಕೆ "ಗಾಡಿ ಬೇಕಾದ್ರೆ ತಗಂಡ್ ಹೋಗು ಮಾರಾಯ, ಅದನ್ ಮಾತ್ರ ಕೇಳ್ಬೇಡ" ಅಂದ.

33ರ ಟೈರ್ ಹಾಕಬೇಕು ಅಂತ ತೀರ್ಮಾನಿಸಿದಾಗ ಲೆಕ್ಕವೇ ಬದಲಾಯಿತು. ಅಷ್ಟು ದೊಡ್ಡ ಟೈರಿಗೆ ಮೂಲದ ಎಳೆತ ವಾಪಸ್ ಬೇಕಂದ್ರೆ 4.10ರ ಹತ್ತಿರ ಹೋಗಲೇಬೇಕು. ಅಂದ ಮೇಲೆ ಮುಂದಿನದನ್ನು ಹೇಗೂ ಬಿಚ್ಚಬೇಕು. ಇನ್ನು 3.55 ಸಿಗುತ್ತೆ ಅನ್ನುವ 8.25ರ ಅನುಕೂಲಕ್ಕೆ ಬೆಲೆಯೇ ಇಲ್ಲ. ಆಗ ಮುಂದೆ ಬಂದದ್ದು ಫೋರ್ಡ್ ಎಕ್ಸ್‌ಪ್ಲೋರರಿನ 8.8.

1995ರಿಂದ 2001ರ ಎಕ್ಸ್‌ಪ್ಲೋರರ್ ನೋಡಿ, ಹಿಂದೆಯೂ ಡಿಸ್ಕ್ ಬ್ರೇಕ್ ಇರುತ್ತೆ. ಶಾಫ್ಟಿಗೆ 31 ಸ್ಪ್ಲೈನ್, ಟ್ಯೂಬು ಮೂರೂಕಾಲು ಇಂಚು, ಚಕ್ರದ ಬೋಲ್ಟ್ ಅಳತೆ ಜೀಪಿನದೇ. ಕವರಿನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ 4L10 ಅಂತ ಇದ್ದರೆ 4.10, ಜೊತೆಗೆ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಎಳೆತ ಕೊಡುವ ವ್ಯವಸ್ಥೆ). 3L73 ಅಂದರೆ 3.73. ಲೋ ರೇಂಜ್ ಒಂದನೇ ಗೇರಿನಲ್ಲಿ ಒಟ್ಟು ಇಳಿತ (ಚಕ್ರದ ಒಂದು ಸುತ್ತಿಗೆ ಇಂಜಿನ್ ಸುತ್ತುವ ಲೆಕ್ಕ) ಮೊದಲು 27:1 ಇದ್ದದ್ದು 4.10ರಲ್ಲಿ 31:1 ಆಗುತ್ತೆ.

ಕೆಲಸ ಮಾತ್ರ ಜಾಸ್ತಿ. ಇದರ ಟ್ಯೂಬುಗಳು ಎರಕದ ನಡುಭಾಗಕ್ಕೆ ಒತ್ತಿ ಕೂರಿಸಿದವು. ದೊಡ್ಡ ಟೈರಿನ ಹೊರೆಗೆ ಟ್ಯೂಬು ತಿರುಚಿಕೊಳ್ಳದಂತೆ ಸುತ್ತಲೂ ವೆಲ್ಡ್ ಮಾಡಿಸಬೇಕು. ಎರಕದ ಕಬ್ಬಿಣವನ್ನು ಮೊದಲು ಬಿಸಿ ಮಾಡದೆ ವೆಲ್ಡ್ ಮಾಡಿದರೆ ಬಿರುಕು ಬಿಡುತ್ತೆ. ಇದನ್ನು ಕೈಪಳಗಿದ ವೆಲ್ಡರಿಗೆ ಕೊಡುವುದೇ ಸರಿ. ಫೋರ್ಡಿನ ಪಿನಿಯನ್ ತುದಿಯಲ್ಲಿ ದುಂಡನೆ ಫ್ಲ್ಯಾಂಜ್ ಇರುತ್ತೆ, ಜೀಪಿನ ಶಾಫ್ಟ್ ಕೂರಬೇಕಾದರೆ ಯೋಕ್ ಅಡಾಪ್ಟರ್ ಬೇಕು. ಪಿನಿಯನ್ ನಡುವಿನಿಂದ ಎರಡು ಇಂಚಿನಷ್ಟು ಬಲಕ್ಕೆ ವಾಲಿದೆ. ಇದು ಚಿಕ್ಕ ಗಾಡಿಗಳಿಗೆ ತಲೆನೋವು. ಕಮಾಂಚಿಗೆ ಅಲ್ಲ. ಚೆರೊಕಿಯ ವೀಲ್‌ಬೇಸ್ 101 ಇಂಚಾದರೆ ಗಿಡ್ಡ ತೊಟ್ಟಿಯ ಕಮಾಂಚಿಯದೇ 113. ಪ್ರೊಪೆಲ್ಲರ್ ಶಾಫ್ಟ್ ಉದ್ದ ಇದ್ದಷ್ಟೂ ಆ ಓರೆ ಕರಗಿಹೋಗುತ್ತೆ. ಈ ಸಲ ಸ್ಪ್ರಿಂಗನ್ನು ಆಕ್ಸಲ್ ಮೇಲಕ್ಕೆ ತಂದೆ. ಅದೊಂದರಿಂದಲೇ ಐದು ಇಂಚಿನ ಆಸುಪಾಸು ಎತ್ತರ ಸಿಗುತ್ತೆ, 33ಕ್ಕೆ ಜಾಗ ಆಗುತ್ತೆ.

ಈಗ ಐ-70ರಲ್ಲಿ ಓವರ್‌ಡ್ರೈವ್ ನಿಲ್ಲುತ್ತೆ. ಇಳಿಜಾರಿನಲ್ಲಿ ಬ್ರೇಕ್ ಕಾಲಿಗೆ ಬೇಗ ಸಿಗುತ್ತೆ, ನೀರು ದಾಟಿ ಬಂದ ಮೇಲೆ ಡ್ರಮ್ಮಿಗಿಂತ ಬೇಗ ಒಣಗುತ್ತೆ. ಹ್ಯಾಂಡ್ ಬ್ರೇಕ್ ಮಾತ್ರ ಡ್ರಮ್ಮಿನಷ್ಟು ಗಟ್ಟಿ ಹಿಡಿಯಲ್ಲ.

ನನ್ನನ್ನು ಕೇಳಿದರೆ: 31ರವರೆಗೆ ಟೈರ್, ಮುಂದೆ 3.55 ಇದ್ದರೆ 29 ಸ್ಪ್ಲೈನಿನ 8.25 ಹಾಕಿ ಸುಮ್ನಿರಿ. ಗಟ್ಟಿ ಅನ್ನೋ ಒಂದೇ ಕಾರಣಕ್ಕೆ 8.8 ಹಿಂದೆ ಓಡಬೇಡಿ. ಮುಂದಿನ ರೇಶಿಯೊ ಹೇಗೂ ಬದಲಿಸುವವರಿಗೆ 8.8 ಬಿಟ್ಟರೆ ಬೇರೆ ಯೋಚನೆ ಬೇಡ. ಮೆಟ್ರಿಕ್ ಟನ್ 44 ಕಣ್ಣಿಗೆ ಬಿದ್ದರೆ ಚೌಕಾಸಿ ಮಾಡದೆ ಎತ್ತಿಕೊಳ್ಳಿ.

8.8 ಬಿಚ್ಚಲು ಹೋಗುವವರು 12 ಮೂಲೆಯ ಸಾಕೆಟ್ ಮರೆಯದೆ ಒಯ್ಯಿರಿ, ಫ್ಲ್ಯಾಂಜ್ ಬೋಲ್ಟಿಗೆ ಅದೇ ಬೇಕು. ಕ್ಯಾಲಿಪರ್, ಅದರ ಬ್ರಾಕೆಟ್, ಹ್ಯಾಂಡ್ ಬ್ರೇಕ್ ಕೇಬಲ್ ಎಲ್ಲವನ್ನೂ ಆಕ್ಸಲ್ ಜೊತೆಗೇ ತನ್ನಿ. ಮುಂದಿನದಕ್ಕೆ ಕ್ರೌನ್ ಪಿನಿಯನ್ ತರಿಸುವಾಗ ಹೈ ಪಿನಿಯನ್ (ಪಿನಿಯನ್ ಕ್ರೌನಿನ ನಡುವಿಗಿಂತ ಮೇಲೆ ಕೂರುವ) ಡಾನಾ 30ರದು ಅಂತ ಬಿಡಿಸಿ ಹೇಳಿ. ಅದರ ಹಲ್ಲಿನ ಓರೆ ಉಲ್ಟಾ, ಲೋ ಪಿನಿಯನ್ನಿನದು ಕೂರಲ್ಲ.