ಟರ್ಬೈನ್ ಬ್ಲೇಡಿನ ಲಾಸ್ ಲೆಕ್ಕ: ಮೂರು ಮಾಡೆಲ್ ಓಡಿಸಿ ನೋಡಿದ ಮೇಲೆ

ಮೇ ತಿಂಗಳ ಕಲಬುರಗಿಯಲ್ಲಿ ಹಗಲು ಹೊತ್ತು ಕಂಪ್ಯೂಟರಿನ ಎಂಟು ಕೋರನ್ನೂ ದುಡಿಸೋಕೆ ಧೈರ್ಯ ಬರಲ್ಲ, ಕೋಣೆಯೇ ಒಲೆಯಾಗಿರುತ್ತದೆ. ಅದಕ್ಕೇ ರಾತ್ರಿ ಊಟ ಮುಗಿಸಿ ಲೆಕ್ಕ ಹಚ್ಚಿ ಮಲಗುತ್ತಿದ್ದೆ. ಲೆಕ್ಕ ಇಷ್ಟೇ: ಬ್ಲೇಡು ದಾಟುವಾಗ ಗಾಳಿ ಕಳೆದುಕೊಳ್ಳುವ ಒಟ್ಟು ಒತ್ತಡ, ಅಂದರೆ ಲಾಸ್, ಎಷ್ಟು? ಗಾಳಿಯ ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರ್ ಓಪನ್‌ಫೋಮ್. ಬ್ಲೇಡು ಟಿ106, ವಿಮಾನ ಎಂಜಿನ್ನಿನ ಗ್ಯಾಸ್ ಟರ್ಬೈನಿನ ಲೋ ಪ್ರೆಶರ್ ಭಾಗದ್ದು. ಇದರ ಮೇಲೆ ವಿಂಡ್ ಟನಲ್‌ನಲ್ಲಿ ಅಳೆದ ಅಂಕಿಗಳು ಪ್ರಕಟವಾಗಿವೆ, ನಮ್ಮ ಉತ್ತರ ತಾಳೆ ನೋಡೋಕೆ ಸಿಗುತ್ತವೆ.

ಟರ್ಬುಲೆನ್ಸನ್ನು, ಅಂದರೆ ಗಾಳಿಯ ಕದಡಾಟವನ್ನು, ಅಂದಾಜು ಮಾಡುವ ಮೂರು ಮಾಡೆಲ್ಲುಗಳಲ್ಲಿ ಕೆ-ಎಪ್ಸಿಲಾನ್ ಬೇಗ ಮುಗಿಯಿತು, ಒರಟು ಮೆಶ್ಶಿಗೂ (ಗಾಳಿಯ ಜಾಗವನ್ನು ಸಣ್ಣ ಚೂರುಗಳಾಗಿ ಒಡೆದ ಬಲೆ) ತಕರಾರು ಮಾಡಲಿಲ್ಲ. ಆದರೆ ಲಾಸ್ ತೀರಾ ಜಾಸ್ತಿ. ಬ್ಲೇಡಿನ ಮೂತಿಗೆ ಗಾಳಿ ಬಡಿಯುವ ಜಾಗದಲ್ಲೇ ಇದು ಇಲ್ಲದ ಟರ್ಬುಲೆನ್ಸ್ ಹುಟ್ಟಿಸುತ್ತದೆ. ಈ ಕೆಲಸಕ್ಕೆ ಬೇಡ.

ಮೆಂಟರ್ 1994ರಲ್ಲಿ ಕೊಟ್ಟ ಕೆ-ಒಮೆಗಾ ಎಸ್‌ಎಸ್‌ಟಿ ಎಷ್ಟೋ ವಾಸಿ. ಗೋಡೆಯ ಪಕ್ಕದ ಮೊದಲ ಪದರ ವೈ-ಪ್ಲಸ್ (ಬ್ಲೇಡಿನ ಮೇಲ್ಮೈಯಿಂದ ಇರುವ ದೂರದ ಅಳತೆ) 1ರ ಆಸುಪಾಸು ಇರಬೇಕು, ಮೆಶ್ ಮಾಡೋಕೇ ಒಂದು ವಾರ ಹೋಯಿತು. ಬ್ಲೇಡಿನ ಹಿಂದೆ ಒಟ್ಟು ಒತ್ತಡ ಕುಸಿಯುವ ಗುಂಡಿ ಅಳತೆಯ ಹತ್ತಿರ ಬಂತು. ಖುಷಿಯಾಗಿ ರೆನಾಲ್ಡ್ಸ್ ಸಂಖ್ಯೆಯನ್ನು (ಹರಿವಿನ ಜೋರು ಗಾಳಿಯ ಅಂಟುತನಕ್ಕಿಂತ ಎಷ್ಟು ಪಟ್ಟು ಅನ್ನುವ ಅಳತೆ) 60,000ಕ್ಕೆ ಇಳಿಸಿದೆ. ಲಾಸ್ ಜೋರಾಗಿ ಏರಬೇಕಿತ್ತು, ಏರಲೇ ಇಲ್ಲ ಅನ್ನಬಹುದು. ಅಷ್ಟು ಕಡಿಮೆ ರೆನಾಲ್ಡ್ಸ್‌ನಲ್ಲಿ ಬ್ಲೇಡಿನ ಉಬ್ಬಿದ ಬೆನ್ನಿನ ಮೇಲೆ ಗಾಳಿ ಬಹಳ ದೂರ ನಯವಾಗಿಯೇ ಹರಿದು, ಮೇಲ್ಮೈ ಬಿಟ್ಟು ಎದ್ದು, ಆಮೇಲೆ ಟರ್ಬುಲೆಂಟ್ ಆಗಿ ಮತ್ತೆ ಅಂಟಿಕೊಳ್ಳುತ್ತದೆ. ಎದ್ದು ಅಂಟುವ ನಡುವಿನ ಆ ಗುಳ್ಳೆ ದೊಡ್ಡದಾದಷ್ಟೂ ಲಾಸ್ ಜಾಸ್ತಿ. ಎಸ್‌ಎಸ್‌ಟಿ ಮೂತಿಯಿಂದಲೇ ಎಲ್ಲ ಟರ್ಬುಲೆಂಟ್ ಅಂದುಕೊಂಡು ಹೊರಡುತ್ತದೆ, ಅದಕ್ಕೆ ಗುಳ್ಳೆ ಎಲ್ಲಿಂದ ಕಾಣಬೇಕು?

ಅದೇ ಎಸ್‌ಎಸ್‌ಟಿಗೆ ಇನ್ನೆರಡು ಸಮೀಕರಣ ಸೇರಿಸಿದ ಗಾಮಾ-ರೀ-ಥೀಟಾ ಟ್ರಾನ್ಸಿಷನ್ ಮಾಡೆಲ್ (ನಯವಾದ ಹರಿವು ಎಲ್ಲಿ ಟರ್ಬುಲೆಂಟ್ ಆಗುತ್ತದೆ ಅಂತ ಅಂದಾಜು ಮಾಡುವಂಥದ್ದು) ಹಚ್ಚಿದಾಗ ಗುಳ್ಳೆ ಕಂಡಿತು. ನಿಜ ಹೇಳ್ತೀನಿ, ಆ ಬೆಳಗ್ಗೆ ಪರದೆ ನೋಡಿ ಬಹಳ ಸಂತೋಷವಾಯಿತು. ಆದರೆ ಗುಳ್ಳೆ ಬ್ಲೇಡಿನ ಬಾಲದವರೆಗೂ ತೆರೆದುಕೊಂಡಿತ್ತು, ಮುಚ್ಚಲೇ ಇಲ್ಲ. ಎರಡು ರಾತ್ರಿ ಮೆಶ್ಶನ್ನೇ ಅನುಮಾನಿಸಿದೆ. ತಪ್ಪು ಇದ್ದದ್ದು ಲೆಕ್ಕದೊಳಗೆ ಗಾಳಿ ಬರುವ ಒಳಬಾಗಿಲಲ್ಲಿ: ಅಲ್ಲಿ 4% ಟರ್ಬುಲೆನ್ಸ್ ಕೊಟ್ಟಿದ್ದೆ, ಬ್ಲೇಡು ಮುಟ್ಟುವಷ್ಟರಲ್ಲಿ ಅದು ಸತ್ತೇ ಹೋಗಿತ್ತು. ಎಡ್ಡಿ ವಿಸ್ಕಾಸಿಟಿ ಅನುಪಾತ (ಟರ್ಬುಲೆನ್ಸ್ ಕೊಡುವ ಅಂಟುತನ ಗಾಳಿಯ ಸ್ವಂತದ್ದರ ಎಷ್ಟು ಪಟ್ಟು ಅನ್ನೋದು) ಏರಿಸಿದರೆ ಅದು ನಿಧಾನವಾಗಿ ಸಾಯುತ್ತದೆ. ಅದನ್ನು ಸರಿಮಾಡಿದ ಮೇಲೆ ಗುಳ್ಳೆ ಮುಚ್ಚಿಕೊಂಡಿತು, ಲಾಸ್ ಕೂಡ ಅಳತೆಯ ಪಕ್ಕಕ್ಕೆ ಬಂದು ನಿಂತಿತು. ಈ ಮಾಡೆಲ್ ಬಳಸುವವರು ಒಳಬಾಗಿಲಿನ ಅಂಕಿ ನಂಬಬೇಡಿ, ಬ್ಲೇಡಿನ ಮೂತಿಯ ಹತ್ತಿರ ಎಷ್ಟು ಉಳಿದಿದೆ ಅಂತ ನೋಡಿ.

ಎಲ್‌ಇಎಸ್ (ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕಹಾಕುವ ವಿಧಾನ) ಕೂಡ ಶುರುಮಾಡಿದ್ದೆ. ಎರಡು ರಾತ್ರಿ ಓಡಿದರೂ ಗಾಳಿ ಒಂದು ಸಲ ಬ್ಲೇಡು ದಾಟಿರಲಿಲ್ಲ, ಮೂರನೇ ರಾತ್ರಿ ಕರೆಂಟು ಹೋಯಿತು. ಮನೆ ಕಂಪ್ಯೂಟರಿಗೆ ಅದು ಆಗದ ಮಾತು.

ಇದೆಲ್ಲ ಎರಡು ಆಯಾಮದ ಲೆಕ್ಕ, ಅಂದರೆ ಬ್ಲೇಡಿನ ಆಕಾರದಿಂದ ಆಗುವ ಲಾಸ್ ಮಾತ್ರ. ಬ್ಲೇಡಿನ ಬುಡ-ತುದಿಯ ಕಡೆಯ ಕೊನೆಗೋಡೆಯ ಸುಳಿಗಳು, ತುದಿಯ ಸಂದಿನಲ್ಲಿ ಸೋರುವ ಗಾಳಿ ಇದರಲ್ಲಿ ಬರಲ್ಲ. ವಿಮಾನ ನೆಲದ ಹತ್ತಿರ ಇರುವಾಗಿನ ಹೆಚ್ಚಿನ ರೆನಾಲ್ಡ್ಸ್‌ಗೆ ನಾನು ಬರೀ ಎಸ್‌ಎಸ್‌ಟಿಯನ್ನೇ ಬಳಸ್ತೀನಿ, ಸಮಯ ಉಳಿಯುತ್ತದೆ. ಮೇಲೆ ಗಾಳಿ ತೆಳುವಾದಾಗ ರೆನಾಲ್ಡ್ಸ್ ಇಳಿಯುತ್ತದಲ್ವಾ, ಅಲ್ಲಿಗೆ ಟ್ರಾನ್ಸಿಷನ್ ಮಾಡೆಲ್ಲೇ ಬೇಕು.